ಮದರಾಸ್ ದಳದ ವೀರರೂ ಅವರ ವಿಮಾನದ ಗುರುತುಗಳೂ

1942ನೆಯ ಇಸವಿಯ ಏಪ್ರಿಲ್ ತಿಂಗಳು ಮದರಾಸು ನಗರದ ಇತಿಹಾಸದಲ್ಲಿ ಭೀತಿಯ ತಿಂಗಳು. ಆ ತಿಂಗಳ 5ರಂದು ಜಪಾನಿನ ವಿಮಾನಗಳು ಕೊಲಂಬೊ ನಗರದ ಮೇಲೆಯೂ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆಯೂ ಬಾಂಬುಗಳನ್ನು ಸುರಿಸಿದುವು. ಮುಂದಿನ ಸರದಿ ಮದರಾಸಿನದೇ ಎಂಬ ಸುದ್ದಿ ಹಬ್ಬಿತು. ಸರ್ಕಾರದ ಕಚೇರಿಗಳು ಒಳನಾಡಿಗೆ ಹೊರಟುವು. ಜಾರ್ಜ್ ಟೌನಿನಿಂದ ಕೀಲ್ಪಾಕಿನವರೆಗೆ ಅನೇಕ ಮನೆಗಳಿಗೆ ಬೀಗ ಬಿತ್ತು. ಮೈಸೂರು ಸೀಮೆಯಲ್ಲಿ ನೆಂಟರಿದ್ದವರು ಮಕ್ಕಳುಮರಿಗಳೊಡನೆ ರೈಲು ಹತ್ತಿದರು. ಆಕಾಶದಲ್ಲಿ ಗುಂಯ್ ಎಂಬ ಸದ್ದು ಕೇಳಿದರೆ ಅದು ನಮ್ಮದೋ ಶತ್ರುವಿನದೋ ಎಂದು ತಲೆಯೆತ್ತಿ ನೋಡುತ್ತಿದ್ದ ದಿನಗಳವು.

ತಲೆಯೆತ್ತಿ ನೋಡಿದವನಿಗೆ ಉತ್ತರ ಕೊಡುವುದು ವಿಮಾನದ ಮೈಮೇಲಿನ ಗುರುತು. ರೆಕ್ಕೆಯ ಮೇಲಿನ ವರ್ತುಲ, ಪಕ್ಕದ ಮೇಲಿನ ಅಕ್ಷರ, ಬಾಲದ ಪಟ್ಟಿ ಇವು ಅಲಂಕಾರಕ್ಕೆ ಬರೆದ ಚಿತ್ತಾರಗಳಲ್ಲ. ಯುದ್ಧ ಮುಗಿದು ವಿಮಾನಗಳು ಗುಜರಿ ಸೇರಿದ ಮೇಲೆ, ಆ ಗುರುತುಗಳನ್ನು ಹಳೆಯ ದಾಖಲೆಗಳಿಂದ ಹುಡುಕಿ, ಮತ್ತೆ ಬರೆದು, ಆ ವಿಮಾನವನ್ನು ಹಾರಿಸಿದವರ ನೆನಪನ್ನು ಉಳಿಸುವ ಒಂದು ವಿದ್ಯೆಯೇ ಬೆಳೆದಿದೆ. ಆ ವಿದ್ಯೆಯ ರೀತಿನೀತಿಗಳನ್ನು ಮದರಾಸಿನ ಹೆಸರು ಹೊತ್ತ ಒಂದು ವಿಮಾನದಳದ ಇಬ್ಬರು ವೀರರ ಕಥೆಯ ಮೂಲಕ ವಾಚಕರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಮದರಾಸಿನ ಹೆಸರು, ಇಂಗ್ಲೆಂಡಿನ ಆಕಾಶ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಸೇನೆಯ ಮೂರು ಯುದ್ಧವಿಮಾನ ದಳಗಳಿಗೆ ‘ಮದರಾಸ್ ಪ್ರೆಸಿಡೆನ್ಸಿ’ ಎಂಬ ಹೆಸರು ದೊರಕಿತ್ತೆಂಬುದು ಇಂದಿನ ಚೆನ್ನೈ ನಿವಾಸಿಗಳಲ್ಲಿ ಬಹುಜನರಿಗೆ ತಿಳಿಯದು. 79ನೆಯ, 234ನೆಯ ಮತ್ತು 264ನೆಯ ದಳಗಳೇ ಆ ಮೂರು. ಇವುಗಳಲ್ಲಿ 79ನೆಯದು 1942ರಲ್ಲಿ ಭಾರತಕ್ಕೇ ಬಂದು ಬರ್ಮಾ ರಣರಂಗದಲ್ಲಿ ಹೋರಾಡಿತು. ಹೈದರಾಬಾದ್, ಬರೋಡ, ಬೊಂಬಾಯಿಗಳ ಹೆಸರಿನ ದಳಗಳೂ ಇದ್ದುವು. ಕನ್ನಡಿಗರಿಗೆ ಇನ್ನೂ ಹತ್ತಿರದ ಮೈಸೂರು ದಳವೊಂದಿತ್ತು. ಅದರ ವಿಚಾರ ಮುಂದೆ ಬರುತ್ತದೆ.

ಈ ಹೆಸರುಗಳ ಹಿಂದೆ ಹಣದ ಲೆಕ್ಕವಿದೆ. ಯುದ್ಧನಿಧಿಗೆ ದಾನ ಕೊಟ್ಟ ಊರು, ಸಂಸ್ಥಾನ, ಸಂಘಗಳ ಹೆಸರನ್ನು ವಿಮಾನಗಳಿಗೂ ದಳಗಳಿಗೂ ಇಡುವುದು ಬ್ರಿಟಿಷ್ ಸರ್ಕಾರದ ಪದ್ಧತಿಯಾಗಿತ್ತು. ಒಂದು ಸ್ಪಿಟ್‌ಫೈರ್ ವಿಮಾನದ ದಾನದ ಬೆಲೆಯೆಂದು 5,000 ಪೌಂಡುಗಳನ್ನು ಗೊತ್ತುಪಡಿಸಿದ್ದರು. ನಿಜವಾದ ವೆಚ್ಚ ಅದಕ್ಕಿಂತ ಹೆಚ್ಚೇ. ಆಗಿನ ವಿನಿಮಯದರ ರೂಪಾಯಿಗೆ ಒಂದು ಷಿಲಿಂಗ್ ಆರು ಪೆನ್ನಿ. ಆ ಲೆಕ್ಕದಲ್ಲಿ 5,000 ಪೌಂಡೆಂದರೆ 66,666 ರೂಪಾಯಿ 10 ಆಣೆ 8 ಪೈ. ಕಾಸಿಗೆ ಕಾಸು ಕೂಡಿಸಿ ಬದುಕುತ್ತಿದ್ದ ಜನರ ನಾಡಿನಲ್ಲಿ ಇದು ಸಾಮಾನ್ಯ ಮೊತ್ತವಲ್ಲ.

ಆದರೆ ಈ ದಾನವೆಲ್ಲ ಒಮ್ಮನಸ್ಸಿನಿಂದ ಬಂದುದೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. 1940ರ ಅಕ್ಟೋಬರಿನಲ್ಲಿ ಗಾಂಧೀಜಿಯವರು ಆರಂಭಿಸಿದ ವೈಯಕ್ತಿಕ ಸತ್ಯಾಗ್ರಹದ ಸಾರವೇ, ಬ್ರಿಟಿಷರ ಯುದ್ಧಕ್ಕೆ ಜನದಿಂದಾಗಲಿ ಧನದಿಂದಾಗಲಿ ನೆರವಾಗುವುದು ತಪ್ಪು ಎಂಬುದಾಗಿತ್ತು. ಒಂದು ಕಡೆ ನಿಧಿಸಂಗ್ರಹ, ಇನ್ನೊಂದು ಕಡೆ ಸೆರೆಮನೆ. ಎರಡೂ ಒಂದೇ ಪ್ರಾಂತದಲ್ಲಿ ಏಕಕಾಲದಲ್ಲಿ ನಡೆದುವು. ವಿಮಾನದಳದ ಹೆಸರಿನಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ. ಹೆಸರುಗಳು ಎಲ್ಲವನ್ನೂ ಹೇಳುವುದಿಲ್ಲ ಎಂಬ ಎಚ್ಚರ ನಮಗಿರಬೇಕು.

‘ಏಸ್’ ಎಂದರೆ ಯಾರು?

ಐದು ಅಥವಾ ಹೆಚ್ಚು ಶತ್ರುವಿಮಾನಗಳನ್ನು ಆಕಾಶಯುದ್ಧದಲ್ಲಿ ಕೆಡವಿದ ಯೋಧನನ್ನು ‘ಏಸ್’ ಎಂದು ಕರೆಯುವುದು ವಾಡಿಕೆ. ಇಸ್ಪೀಟಿನ ಎಕ್ಕಕ್ಕೆ ಇರುವ ಹೆಸರೇ ಇದು. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚರು ಇದನ್ನು ಬಳಕೆಗೆ ತಂದರು. ನಮ್ಮ ದೇಶದವರಲ್ಲಿ ಈ ಹೆಸರಿಗೆ ಅರ್ಹನಾದವನು ಕಲ್ಕತ್ತೆಯಲ್ಲಿ 1898ರಲ್ಲಿ ಹುಟ್ಟಿದ ಇಂದ್ರಲಾಲ ರಾಯ್. 1918ರ ಜುಲೈ ತಿಂಗಳಿನಲ್ಲಿ, ಎರಡು ವಾರಗಳಷ್ಟು ಅವಧಿಯಲ್ಲಿ ಹತ್ತು ಜಯಗಳನ್ನು ಗಳಿಸಿ, ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲಿ ಮಡಿದಾಗ ಅವನಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮರಣಾನಂತರ ಅವನಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಸಂದಿತು.

ಏಸ್ ಎಂಬ ಮಾತು ಒಬ್ಬನನ್ನೇ ಕುರಿತದ್ದೆಂದು ನಾವು ಭಾವಿಸುತ್ತೇವೆ: ಒಬ್ಬ ಚಾಲಕ, ಒಂದು ವಿಮಾನ, ಒಂದು ಕೀರ್ತಿ. ಮದರಾಸಿನ ಹೆಸರಿನ 264ನೆಯ ದಳದ ಕಥೆ ಈ ಭಾವನೆಯನ್ನು ತಿದ್ದುತ್ತದೆ.

ಥಾರ್ನ್ ಮತ್ತು ಬಾರ್ಕರ್

264ನೆಯ ದಳದವರು ಹಾರಿಸುತ್ತಿದ್ದುದು ಡಿಫಯೆಂಟ್ ಎಂಬ ವಿಚಿತ್ರ ರಚನೆಯ ಯುದ್ಧವಿಮಾನ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಬೌಲ್ಟನ್ ಪಾಲ್ ಕಾರ್ಖಾನೆಯಲ್ಲಿ ತಯಾರಾದ ಇದರಲ್ಲಿ ಇಬ್ಬರು ಕುಳಿತುಕೊಳ್ಳುತ್ತಿದ್ದರು. ಮುಂದೆ ಚಾಲಕ, ಅವನ ಬೆನ್ನ ಹಿಂದೆ, ಯಂತ್ರಬಲದಿಂದ ಸುತ್ತಲೂ ತಿರುಗುವ ಗಾಜಿನ ಗೂಡಿನೊಳಗೆ, ನಾಲ್ಕು ಯಂತ್ರಬಂದೂಕುಗಳೊಡನೆ ಬಂದೂಕುಗಾರ. ಮುಂದಕ್ಕೆ ಗುಂಡು ಹಾರಿಸಲೆಂದು ರೆಕ್ಕೆಗಳಲ್ಲಿ ಒಂದು ಬಂದೂಕೂ ಇರಲಿಲ್ಲ. ಚಾಲಕನು ಶತ್ರುವಿನ ಪಕ್ಕಕ್ಕೋ ಕೆಳಕ್ಕೋ ವಿಮಾನವನ್ನು ತಂದು ನಿಲ್ಲಿಸಿದರೆ ಬಂದೂಕುಗಾರನು ಗುರಿಯಿಡಬೇಕು. ಒಬ್ಬನು ಕಣ್ಣು ತಪ್ಪಿದರೆ ಇನ್ನೊಬ್ಬನ ಕೈ ವ್ಯರ್ಥ. ವಿಮಾನ ಹೊತ್ತಿಕೊಂಡಾಗ ಆ ಇಕ್ಕಟ್ಟಿನ ಗೂಡಿನಿಂದ ಹೊರಬೀಳುವುದು ಬಂದೂಕುಗಾರನಿಗೆ ಅತಿ ಕಷ್ಟವಾಗಿತ್ತು.

ಈ ದಳದಲ್ಲಿ ಸಾರ್ಜೆಂಟ್ ಎಡ್ವರ್ಡ್ ಥಾರ್ನ್ ಚಾಲಕನಾಗಿಯೂ, ಫ್ರೆಡ್ ಬಾರ್ಕರ್ ಬಂದೂಕುಗಾರನಾಗಿಯೂ ಜೊತೆಗೂಡಿದರು. 1940ರ ಮೇ ತಿಂಗಳ ಕೊನೆಯಲ್ಲಿ, ಡನ್‌ಕರ್ಕ್ ತೀರದಿಂದ ಬ್ರಿಟಿಷ್ ಸೈನ್ಯ ಹಿಂದೆ ಸರಿಯುತ್ತಿದ್ದಾಗ, ಇವರ ಹೆಸರು ಮೊದಲು ಬೆಳಕಿಗೆ ಬಂತು. ದೂರದಿಂದ ಡಿಫಯೆಂಟನ್ನು ಸಾಮಾನ್ಯವಾದ ಹರಿಕೇನ್ ವಿಮಾನವೆಂದು ಭ್ರಮಿಸಿದ ಜರ್ಮನರು ಹಿಂದಿನಿಂದ ಮೇಲೆ ಬೀಳುವರು. ಹಾಗೆ ಬಿದ್ದವರಿಗೆ ನಾಲ್ಕು ಬಂದೂಕುಗಳ ಸ್ವಾಗತ ಕಾದಿರುತ್ತಿತ್ತು. ಮೇ 29ರ ಒಂದೇ ದಿನ 37 ವಿಮಾನಗಳನ್ನು ಕೆಡವಿದೆವೆಂದು ದಳದವರು ವರದಿ ಮಾಡಿದರು. ಯುದ್ಧಾನಂತರ ಜರ್ಮನರ ದಾಖಲೆಗಳೊಡನೆ ತಾಳೆ ನೋಡಿದಾಗ ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆಯೆಂದು ತಿಳಿದುಬಂತು. ಅದು ಸುಳ್ಳು ಹೇಳಿದುದಲ್ಲ. ಒಂದೇ ವಿಮಾನದ ಮೇಲೆ ನಾಲ್ವರು ಗುಂಡು ಹಾರಿಸಿದರೆ ನಾಲ್ವರ ಪುಸ್ತಕದಲ್ಲಿಯೂ ಅದು ಜಮೆಯಾಗುವುದು ಸಹಜ.

ಜರ್ಮನರು ಡಿಫಯೆಂಟಿನ ಗುಟ್ಟನ್ನು ಬೇಗನೆ ಅರಿತರು. ಮುಂದಿನಿಂದಲೂ ಅಡಿಯಿಂದಲೂ ಎರಗಿದರೆ ಅದು ನಿಸ್ಸಹಾಯಕ. ಜುಲೈ 19ರಂದು ಇನ್ನೊಂದು ಡಿಫಯೆಂಟ್ ದಳವಾದ 141ನೆಯದು ಒಂಬತ್ತರಲ್ಲಿ ಆರು ವಿಮಾನಗಳನ್ನು ಒಂದೇ ಕಾದಾಟದಲ್ಲಿ ಕಳೆದುಕೊಂಡಿತು. ಆಗಸ್ಟ್ 24ರಂದು 264ನೆಯ ದಳದ ಅಧಿಪತಿ ಫಿಲಿಪ್ ಹಂಟರ್ ಮರಳಿ ಬರಲಿಲ್ಲ. ಎರಡೇ ದಿನಗಳ ತರುವಾಯ, 26ರಂದು, ಥಾರ್ನ್ ಮತ್ತು ಬಾರ್ಕರ್ ಎಲ್ 7005 ಸಂಖ್ಯೆಯ ವಿಮಾನದಲ್ಲಿ ಏರಿಹೋದರು. ಕೆಂಟ್ ಪ್ರಾಂತದ ಮೇಲೆ ಎರಡು ಡಾರ್ನಿಯರ್ ಬಾಂಬರುಗಳನ್ನು ಕೆಡವಿದರು. ಅಷ್ಟರಲ್ಲಿ ಒಂದು ಮೆಸ್ಸರ್‌ಸ್ಮಿಟ್ ಇವರನ್ನು ಹೊಡೆಯಿತು. ಎಂಜಿನ್ ಹೊತ್ತಿಕೊಂಡು ವಿಮಾನ ಕೆಳಗಿಳಿಯುತ್ತಿದ್ದಂತೆಯೇ ಆ ಮೆಸ್ಸರ್‌ಸ್ಮಿಟ್ ಮುಗಿಸಿಬಿಡಲೆಂದು ಬೆನ್ನಟ್ಟಿ ಬಂತು. ಬಾರ್ಕರ್ ಗೂಡು ಬಿಟ್ಟು ಹಾರಲಿಲ್ಲ. ಉರಿಯುವ ವಿಮಾನದಿಂದಲೇ ಗುರಿಯಿಟ್ಟು ಅದನ್ನೂ ಕೆಡವಿದ. ಥಾರ್ನ್ ವಿಮಾನವನ್ನು ಹರ್ನ್ ಬೇ ಬಳಿ ನೆಲಕ್ಕೆ ತಂದ. ಇಬ್ಬರೂ ಬದುಕಿದರು. ಎರಡು ದಿನಗಳ ಮೇಲೆ, 28ರಂದು, ದಳದ ಹಗಲಿನ ಯುದ್ಧ ಕೊನೆಗೊಂಡಿತು; ಮುಂದೆ ಅದು ರಾತ್ರಿಯ ಕಾವಲಿಗೆ ನಿಯುಕ್ತವಾಯಿತು.

ಈ ಜೋಡಿಯ ಹೆಸರಿಗೆ ಸೇರಿದ ಜಯಗಳು ಹದಿಮೂರು. ಡಿಫಯೆಂಟ್ ಹಾರಿಸಿದವರಲ್ಲಿ ಇವರೇ ಅಗ್ರಗಣ್ಯರು. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಮೆಡಲ್ ಪದಕವೂ, ಅದರ ಮೇಲೆ ಎರಡನೆಯ ಸಲದ ಪಟ್ಟಿಯೂ ಇಬ್ಬರಿಗೂ ಸಮನಾಗಿ ಬಂದುವು. ಥಾರ್ನ್ ಮುಂದೆ ಅಧಿಕಾರಿಯಾಗಿ ಬೇರೆ ದಳಗಳನ್ನು ನಡೆಸಿ, ಯುದ್ಧವೆಲ್ಲ ಮುಗಿದ ಮೇಲೆ 1946ರ ಫೆಬ್ರವರಿಯಲ್ಲಿ ಮೀಟಿಯರ್ ಎಂಬ ಜೆಟ್ ವಿಮಾನದ ಅಪಘಾತದಲ್ಲಿ ತೀರಿಕೊಂಡ. ಹದಿಮೂರು ಜಯಗಳು ಒಬ್ಬನವಲ್ಲ. ಅದು ಜಂಟಿ ಖಾತೆ. ಇಬ್ಬರ ರುಜುವಿಲ್ಲದೆ ಒಂದು ಕಾಸೂ ಅದರಲ್ಲಿ ಜಮೆಯಾಗಿರಲಿಲ್ಲ. ಆದರೂ ಯುದ್ಧವಿಮಾನದ ಕೀರ್ತಿಯನ್ನು ಹೇಳುವಾಗ ಚಾಲಕನನ್ನು ನೆನೆದು ಹಿಂದೆ ಕುಳಿತವನನ್ನು ಮರೆಯುವುದು ಲೋಕದ ರೂಢಿ.

ಗುರುತುಗಳನ್ನು ಓದುವ ಬಗೆ

ಆ ಕಾಲದ ಬ್ರಿಟಿಷ್ ಯುದ್ಧವಿಮಾನದ ಮೈಮೇಲೆ ಮುಖ್ಯವಾಗಿ ಮೂರು ಬಗೆಯ ಗುರುತುಗಳಿರುತ್ತಿದ್ದುವು. ಮೊದಲನೆಯದು ರಾಷ್ಟ್ರದ ವರ್ತುಲ ಚಿಹ್ನೆ: ನಡುವೆ ಕೆಂಪು, ಸುತ್ತ ಬಿಳಿ, ಅದರ ಸುತ್ತ ನೀಲಿ, ವಿಮಾನದ ಪಕ್ಕದಲ್ಲಾದರೆ ಹೊರಗೊಂದು ಹಳದಿಯ ಬಳೆ. ಇದು ಯಾವ ದೇಶದ್ದೆಂದು ಹೇಳುತ್ತದೆ. ಎರಡನೆಯದು ದೊಡ್ಡ ಅಕ್ಷರಗಳು. ವರ್ತುಲದ ಒಂದು ಕಡೆ ಎರಡು ಅಕ್ಷರ, ಇನ್ನೊಂದು ಕಡೆ ಒಂದು ಅಕ್ಷರ. ಎರಡು ಅಕ್ಷರಗಳು ದಳವನ್ನೂ, ಒಂಟಿ ಅಕ್ಷರ ಆ ದಳದೊಳಗಿನ ವಿಮಾನವನ್ನೂ ಸೂಚಿಸುತ್ತವೆ. 264ನೆಯ ದಳದ ಅಕ್ಷರಗಳು ‘ಪಿಎಸ್’. ಥಾರ್ನ್ ಬಾರ್ಕರರ ವಿಮಾನದ ಒಂಟಿ ಅಕ್ಷರ ‘ಎಕ್ಸ್’. ಆದುದರಿಂದ ಅವರ ವಿಮಾನ ‘ಪಿಎಸ್-ಎಕ್ಸ್’. ಮೂರನೆಯದು ಬಾಲದ ಬಳಿ ಚಿಕ್ಕದಾಗಿ ಬರೆದ ಕ್ರಮಸಂಖ್ಯೆ, ಇಲ್ಲಿ ‘ಎಲ್ 7005’.

ಇವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಕ್ರಮಸಂಖ್ಯೆಯೇ ಎಲ್ಲಕ್ಕಿಂತ ನಂಬತಕ್ಕದ್ದು. ಒಂದು ವಿಮಾನ ನಾಶವಾದರೆ ಅದರ ಒಂಟಿ ಅಕ್ಷರ ಮರುದಿನವೇ ಹೊಸ ವಿಮಾನಕ್ಕೆ ಹೋಗಬಹುದು. ವಿಮಾನ ಬೇರೆ ದಳಕ್ಕೆ ವರ್ಗವಾದರೆ ಮೂರೂ ಅಕ್ಷರಗಳು ಬದಲಾಗುತ್ತವೆ. ಕ್ರಮಸಂಖ್ಯೆ ಮಾತ್ರ ಕಾರ್ಖಾನೆಯಿಂದ ಗುಜರಿಯವರೆಗೆ ಬೆನ್ನು ಬಿಡದು. ಮನುಷ್ಯನ ಹುದ್ದೆ, ವಿಳಾಸಗಳು ಬದಲಾದರೂ ಜನನಪತ್ರ ಬದಲಾಗದಂತೆ ಇದು. ಚಾಲಕನ ದಿನಚರಿ ಪುಸ್ತಕದಲ್ಲಿ ಕ್ರಮಸಂಖ್ಯೆ ಬರೆದಿದ್ದರೆ, ಅದನ್ನು ದಳದ ದಿನವಹಿಯೊಡನೆಯೂ ವಿಮಾನದ ಚರಿತ್ರೆಯ ಚೀಟಿಯೊಡನೆಯೂ ತಾಳೆ ನೋಡಿ ಯಾರು ಯಾವ ದಿನ ಯಾವ ವಿಮಾನದಲ್ಲಿದ್ದರೆಂದು ನಿರ್ಣಯಿಸುತ್ತಾರೆ.

ಯಾವ ದಿನದಂದು ಇದ್ದಂತೆ?

ಗುರುತುಗಳನ್ನು ಮರಳಿ ಬರೆಯಹೊರಟವನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಯಾವ ಬಣ್ಣ’ ಎಂಬುದಲ್ಲ, ‘ಯಾವ ದಿನ’ ಎಂಬುದು. ಅಢಾವೆ ಪತ್ರಿಕೆಯ ತಲೆಯಲ್ಲಿ ‘ಮಾರ್ಚ್ 31ರಂದು ಇದ್ದಂತೆ’ ಎಂದು ಬರೆಯದಿದ್ದರೆ ಒಳಗಿನ ಅಂಕಿಗಳಿಗೆ ಅರ್ಥವಿಲ್ಲ. ವಿಮಾನದ ಬಣ್ಣವೂ ಹಾಗೆಯೇ.

ಡಿಫಯೆಂಟನ್ನೇ ತೆಗೆದುಕೊಳ್ಳೋಣ. ಮೇಲ್ಭಾಗಕ್ಕೆ ಗಾಢ ಹಸಿರು ಮತ್ತು ಮಣ್ಣಿನ ಕಂದು ಬಣ್ಣಗಳ ಅಂಕುಡೊಂಕಾದ ಪಟ್ಟೆಗಳು. ಮೇಲಿನಿಂದ ನೋಡಿದವನಿಗೆ ಹೊಲಗದ್ದೆಗಳಲ್ಲಿ ಬೆರೆತು ಹೋಗಬೇಕೆಂಬುದು ಉದ್ದೇಶ. ಇದು ಮೇ ತಿಂಗಳಲ್ಲಿಯೂ ಆಗಸ್ಟಿನಲ್ಲಿಯೂ ಒಂದೇ. ಆದರೆ ಡನ್‌ಕರ್ಕಿನ ಕಾಲದಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಅಡಿಭಾಗವನ್ನು ಅರ್ಧ ಕಪ್ಪು, ಅರ್ಧ ಬಿಳಿಯಾಗಿ ಬಳಿಯುತ್ತಿದ್ದರು. ಕೆಳಗಿರುವ ಸ್ವಂತ ಸೈನಿಕರು ಗುರುತಿಸಿ ಗುಂಡು ಹಾರಿಸದಿರಲಿ ಎಂದು ಈ ಏರ್ಪಾಡು. 1940ರ ಜೂನ್ ತಿಂಗಳಲ್ಲಿ ಆಜ್ಞೆ ಬದಲಾಗಿ, ಅಡಿಭಾಗಕ್ಕೆ ‘ಸ್ಕೈ’ ಎಂಬ ಹಸಿರು ಛಾಯೆಯ ತಿಳಿಬಣ್ಣ ಬಂತು. ಆದುದರಿಂದ ಆಗಸ್ಟ್ 26ರ ವಿಮಾನಕ್ಕೆ ಮೇ ತಿಂಗಳ ಕಪ್ಪುಬಿಳಿ ಅಡಿಯನ್ನು ಬಳಿದರೆ, ವರ್ತುಲ ಎಷ್ಟೇ ಅಂದವಾಗಿರಲಿ, ಅದು ಎಂದೂ ಇರದಿದ್ದ ವಿಮಾನವಾಗುತ್ತದೆ.

1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಮಿತ್ರಸೈನ್ಯ ಇಳಿದಾಗಿನ ಪಟ್ಟಿಗಳು ಇನ್ನೊಂದು ನಿದರ್ಶನ. ಒಂದು ಎಂಜಿನಿನ ವಿಮಾನಗಳಿಗೆ 18 ಅಂಗುಲ ಅಗಲದ ಬಿಳಿ ಮತ್ತು ಕಪ್ಪು ಪಟ್ಟಿಗಳು, ಒಟ್ಟು ಐದು. ಗುಟ್ಟು ಹೊರಬೀಳದಿರಲೆಂದು ಕೊನೆಯ ಗಳಿಗೆಯಲ್ಲಿ ಆಜ್ಞೆ ಬಂದುದರಿಂದ, ಅನೇಕ ಕಡೆಗಳಲ್ಲಿ ಕೈಗೆ ಸಿಕ್ಕ ಕುಂಚಗಳಿಂದ ಅವಸರದಲ್ಲಿ ಬಳಿದರು, ಅಂಚುಗಳು ಸೊಟ್ಟಗಾದುವು. ಇಂದು ಅಳತೆಗೋಲು ಹಿಡಿದು ನೇರವಾಗಿ ಬಳಿದ ಪಟ್ಟಿ ಚೆಂದವಾಗಿ ಕಂಡರೂ ಆ ರಾತ್ರಿಯ ಅವಸರವನ್ನು ಅಳಿಸಿಹಾಕುತ್ತದೆ.

ಛಾಯಾಚಿತ್ರವೂ ಸುಳ್ಳು ಹೇಳಬಲ್ಲದು

ಸಾಕ್ಷ್ಯಗಳಲ್ಲಿ ಛಾಯಾಚಿತ್ರವೇ ಶ್ರೇಷ್ಠವೆಂದು ಸಾಮಾನ್ಯರು ತಿಳಿಯುತ್ತಾರೆ. ಆದರೆ ಅಂದಿನ ಬಹುಪಾಲು ಚಿತ್ರಗಳು ಕಪ್ಪುಬಿಳುಪಿನವು. ಅವುಗಳಲ್ಲಿಯೂ ಆರ್ಥೊಕ್ರೊಮ್ಯಾಟಿಕ್ ಎಂಬ ಜಾತಿಯ ಫಿಲ್ಮಿಗೆ ಕೆಂಪು ಬಣ್ಣ ಕಾಣದು. ಅಂಥ ಫಿಲ್ಮಿನಲ್ಲಿ ಕೆಂಪು ಕಪ್ಪಾಗಿಯೂ, ಹಳದಿ ಗಾಢವಾಗಿಯೂ, ನೀಲಿ ತೆಳುವಾಗಿಯೂ ಮೂಡುತ್ತವೆ. ವರ್ತುಲದ ಹೊರಗಿನ ಹಳದಿ ಬಳೆ ಕಪ್ಪಾಗಿ ಕಂಡರೆ, ನೋಡಿದವನು ಅದನ್ನು ಬೇರೆಯೇ ಬಣ್ಣವೆಂದು ಬರೆದುಬಿಡುವ ಅಪಾಯವಿದೆ. ಚಿತ್ರವನ್ನು ನಂಬುವ ಮೊದಲು ಅದನ್ನು ಯಾವ ಫಿಲ್ಮಿನಲ್ಲಿ ತೆಗೆದರೆಂದು ವಿಚಾರಿಸಬೇಕು.

ಚಿತ್ರಕ್ಕಿಂತ ಬಲವಾದ ಸಾಕ್ಷ್ಯ ಮೂಲವಸ್ತು. ಎಂಬತ್ತು ಜಯಗಳ ಜರ್ಮನ್ ವೀರ ರಿಕ್ತೋಫೆನ್ 1918ರ ಏಪ್ರಿಲ್ 21ರಂದು ಮಡಿದಾಗ, ಅವನ ಕೆಂಪು ತ್ರಿದಳ ವಿಮಾನದ ಬಟ್ಟೆಯನ್ನು ಸೈನಿಕರು ನೆನಪಿಗೆಂದು ಹರಿದುಕೊಂಡರು. ವಿಮಾನ ಉಳಿಯಲಿಲ್ಲ, ಆದರೆ ಆ ಚೂರುಗಳು ಹಲವು ವಸ್ತುಸಂಗ್ರಹಾಲಯಗಳಲ್ಲಿ ಉಳಿದು ಬಣ್ಣಕ್ಕೆ ಇಂದಿಗೂ ಸಾಕ್ಷಿ ಹೇಳುತ್ತಿವೆ.

ಮೂಲ ಮತ್ತು ನಕಲು

ಒಟ್ಟು ಸಾವಿರಕ್ಕೂ ಹೆಚ್ಚು ಡಿಫಯೆಂಟುಗಳು ತಯಾರಾದರೂ ಇಂದು ಪೂರ್ಣರೂಪದಲ್ಲಿ ಉಳಿದಿರುವುದು ಒಂದೇ, ಎನ್ 1671. ಬ್ರಿಟಿಷ್ ವಾಯುಸೇನೆಯ ವಸ್ತುಸಂಗ್ರಹಾಲಯದ ಸ್ವತ್ತಾದ ಇದು ಪೋಲೆಂಡಿನವರ 307ನೆಯ ದಳದಲ್ಲಿ ಸೇವೆ ಸಲ್ಲಿಸಿದ ರಾತ್ರಿಯುದ್ಧದ ವಿಮಾನ. ಆದುದರಿಂದ ಅದಕ್ಕೆ ಆ ದಳದ ಕಪ್ಪುಬಣ್ಣವನ್ನೇ ಕೊಟ್ಟಿದ್ದಾರೆ. ಉಳಿದ ಒಂದೇ ವಿಮಾನಕ್ಕೆ ಪ್ರಸಿದ್ಧರ ‘ಪಿಎಸ್-ಎಕ್ಸ್’ ಬರೆದಿದ್ದರೆ ನೋಡುವವರು ಹೆಚ್ಚಾಗುತ್ತಿದ್ದರೇನೋ. ಆದರೆ ಪೋಲೆಂಡಿನ ಯೋಧರ ಪಾಲಿನ ನೆನಪನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟಂತಾಗುತ್ತಿತ್ತು.

ಹಾಗಾದರೆ ಥಾರ್ನ್ ಮತ್ತು ಬಾರ್ಕರರಿಗೆ ನೆನಪಿಲ್ಲವೇ? ಅದಕ್ಕೆ ಬೇರೆ ದಾರಿಯನ್ನು ಕಂಡುಕೊಂಡರು. ಬೌಲ್ಟನ್ ಪಾಲ್ ಸಂಘದ ಸ್ವಯಂಸೇವಕರು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ, ಪೂರ್ಣ ಅಳತೆಯ ಒಂದು ಡಿಫಯೆಂಟ್ ಪ್ರತಿಕೃತಿಯನ್ನು ಕಟ್ಟಿ, ಅದಕ್ಕೆ ಎಲ್ 7005 ಎಂಬ ಸಂಖ್ಯೆಯನ್ನೂ ಪಿಎಸ್-ಎಕ್ಸ್ ಎಂಬ ಅಕ್ಷರಗಳನ್ನೂ ಬರೆದರು. ಅದು ಹಾರುವುದಿಲ್ಲ, ಹಾರಿದ್ದೆಂದು ಹೇಳಿಕೊಳ್ಳುವುದೂ ಇಲ್ಲ. ನಕಲೆಂದು ಹೇಳಿ ಕೊಟ್ಟ ನಕಲು ಮೋಸವಲ್ಲ, ಅದು ದೃಢೀಕೃತ ಪ್ರತಿ. ಅದರ ಎದುರು ನಿಂತವನಿಗೆ ಚಾಲಕನ ಪೀಠವೂ ಹಿಂದಿನ ಬಂದೂಕುಗೂಡೂ ಒಟ್ಟಿಗೆ ಕಾಣುತ್ತವೆ. ಎರಡು ಆಸನಗಳನ್ನು ಕಂಡಮೇಲೆ ಒಬ್ಬನನ್ನೇ ನೆನೆದು ಹೊರಟುಹೋಗುವುದು ಸಾಧ್ಯವಿಲ್ಲ.

ಗಂಡಭೇರುಂಡದ ದಳ

ಇನ್ನು ಮೈಸೂರಿನ ವಿಚಾರ. 1941ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್ ವಿಮಾನಗಳೊಡನೆ ರಚಿತವಾದ 129ನೆಯ ದಳಕ್ಕೆ ‘ಮೈಸೂರು’ ಎಂಬ ಹೆಸರು ಬಂತು. ಮದರಾಸ್ ಹೆಸರಿನ ಮೂರು ದಳಗಳ ಲಾಂಛನಗಳಲ್ಲಿ ಬೆಂಕಿಯ ಹಲ್ಲಿ, ಘಟಸರ್ಪ, ಶಿರಸ್ತ್ರಾಣಗಳಿದ್ದುವೇ ಹೊರತು ಮದರಾಸಿನದೆನ್ನುವ ವಸ್ತುವೊಂದೂ ಇರಲಿಲ್ಲ. ಮೈಸೂರು ದಳದ ಲಾಂಛನವಾದರೋ ನಮ್ಮ ಗಂಡಭೇರುಂಡವೇ. ‘ನ್ಯಾಯವನ್ನು ಕಾಪಾಡುವೆನು’ ಎಂಬರ್ಥದ ಧ್ಯೇಯವಾಕ್ಯ ಅದರ ಕೆಳಗೆ. 1047ರಲ್ಲಿ ಬಳ್ಳಿಗಾವೆಯಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿಯೂ, ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆಯೂ, ಕೆಳದಿಯ ದೇವಾಲಯದ ಮಾಳಿಗೆಯಲ್ಲಿಯೂ ಕಾಣುವ ಈ ಎರಡು ತಲೆಯ ಪಕ್ಷಿ ಒಡೆಯರ ರಾಜಲಾಂಛನವಾಗಿ, ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ. ನಡುವೆ ಒಮ್ಮೆ ಅದು ಇಂಗ್ಲೆಂಡಿನ ವಿಮಾನದಳವೊಂದರ ಲಾಂಛನವೂ ಆಗಿತ್ತು.

ಇಷ್ಟು ಓದಿದ ಕನ್ನಡಿಗನಿಗೆ, ಮೈಸೂರು ದಳದ ಸ್ಪಿಟ್‌ಫೈರ್ ಮಾದರಿಯೊಂದನ್ನು ಮಾಡಿ ಅದರ ಪಕ್ಕದಲ್ಲಿ ದೊಡ್ಡದಾಗಿ ಗಂಡಭೇರುಂಡವನ್ನು ಬರೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಇಲ್ಲಿಯೇ ಕೈ ತಡೆಯಬೇಕು. ದಳದ ಲಾಂಛನ ಬೇರೆ, ವಿಮಾನದ ಗುರುತು ಬೇರೆ. ಯುದ್ಧಕಾಲದಲ್ಲಿ ವಿಮಾನದ ಪಕ್ಕದಲ್ಲಿ ದಳವನ್ನು ಸೂಚಿಸುತ್ತಿದ್ದುದು ಅಕ್ಷರಗಳು. ಮೈಸೂರು ದಳದ ಅಕ್ಷರಗಳು ‘ಡಿವಿ’. ನಿರ್ದಿಷ್ಟ ವಿಮಾನದ ಚಿತ್ರ ಸಾಕ್ಷಿಯಾಗಿ ದೊರಕಿದ ಹೊರತು ಅಭಿಮಾನಕ್ಕಾಗಿ ಪಕ್ಷಿಯನ್ನು ಬರೆಯುವುದು ರಸೀತಿಯಿಲ್ಲದೆ ಖರ್ಚು ಬರೆದಂತೆ.

ಇದಕ್ಕೆ ಒಳ್ಳೆಯ ನಿದರ್ಶನ ಇಇ 602 ಎಂಬ ಸ್ಪಿಟ್‌ಫೈರ್. 1942ರಲ್ಲಿ ತಯಾರಾದ ಈ ವಿಮಾನ ಮೈಸೂರು ದಳದಲ್ಲಿ ‘ಡಿವಿ-ವಿ’ ಎಂದು ಸೇವೆ ಸಲ್ಲಿಸಿತ್ತು. ಅದನ್ನು ಜೀರ್ಣೋದ್ಧಾರ ಮಾಡಿ 2015ರಲ್ಲಿ ಮತ್ತೆ ಹಾರಿಸಿದಾಗ ಅದೇ ಅಕ್ಷರಗಳನ್ನು ಬರೆದರು. ಜೊತೆಗೆ ಇನ್ನೊಂದು ಬರಹವನ್ನೂ ಮರಳಿ ಬರೆದರು: ‘ಸೆಂಟ್ರಲ್ ರೈಲ್ವೇಸ್ ಉರುಗ್ವೇಯನ್ ಸ್ಟಾಫ್’. ದಕ್ಷಿಣ ಅಮೆರಿಕದ ಉರುಗ್ವೇ ದೇಶದ ರೈಲ್ವೆ ನೌಕರರು ತಮ್ಮ ಸಂಬಳದಲ್ಲಿ ಕೂಡಿಸಿ ಕೊಟ್ಟ ಹಣದ ಗುರುತು ಅದು. ಆ ನೌಕರರ ದುಡ್ಡು, ಮೈಸೂರಿನ ಹೆಸರು, ಇಂಗ್ಲೆಂಡಿನ ಆಕಾಶ. ಮೂರು ಖಂಡಗಳ ಲೆಕ್ಕ ಒಂದೇ ವಿಮಾನದ ಪಕ್ಕದಲ್ಲಿ. ಗಂಡಭೇರುಂಡದ ದೊಡ್ಡ ಚಿತ್ರಕ್ಕಿಂತ ಈ ಒಣ ಅಕ್ಷರಗಳು ಹೇಳುವ ಕಥೆ ಹೆಚ್ಚು ದೊಡ್ಡದು.

ನಮ್ಮ ಆಕಾಶ, ನಮ್ಮ ಯೋಧ

ಬರ್ಮಾ ರಣರಂಗದಲ್ಲಿ ವರ್ತುಲದ ಕೆಂಪು ಬಣ್ಣವೇ ಪ್ರಾಣಾಂತಕವಾಯಿತು. ಜಪಾನಿನ ಚಿಹ್ನೆ ಕೆಂಪು ಸೂರ್ಯ. ಅವಸರದಲ್ಲಿ ನಡುವಿನ ಕೆಂಪು ಚುಕ್ಕೆಯನ್ನು ಕಂಡು ತಮ್ಮವರನ್ನೇ ಹೊಡೆಯುವ ಭಯದಿಂದ ಅಲ್ಲಿಯ ವಿಮಾನಗಳ ಕೆಂಪನ್ನು ಅಳಿಸಿ, ಕಡುನೀಲಿ ತಿಳಿನೀಲಿಗಳ ವರ್ತುಲವನ್ನು ಬಳಸಿದರು. ನಮ್ಮ ವಾಯುಸೇನೆಯ ದಳಗಳೂ ಅದನ್ನೇ ಧರಿಸಿದುವು. ಸ್ವಾತಂತ್ರ್ಯದ ಬಳಿಕ ಕೆಲಕಾಲ ಅಶೋಕಚಕ್ರವೂ, ಅನಂತರ ಇಂದಿನ ಕೇಸರಿ ಬಿಳಿ ಹಸಿರಿನ ವರ್ತುಲವೂ ಬಂದುವು.

ಆ ತ್ರಿವರ್ಣದ ವರ್ತುಲವಿದ್ದ ಮಿಸ್ಟೇರ್ ವಿಮಾನದಲ್ಲಿ 1965ರ ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ದಾಳಿಗೆ ಹೊರಟರು. ಅವರು ಆ ದಿನ ಕಾಯ್ದಿರಿಸಿದ ಚಾಲಕರು. ಒಬ್ಬರ ಸ್ಥಾನ ತೆರವಾದುದರಿಂದ ಹೊರಡಬೇಕಾಯಿತು. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗವಾದ ಸ್ಟಾರ್‌ಫೈಟರ್ ಅವರನ್ನು ಅಡ್ಡಗಟ್ಟಿ ಹೊಡೆಯಿತು. ಗಾಯಗೊಂಡ ಮಿಸ್ಟೇರಿನಿಂದಲೇ ಅವರು ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಕೆಡವಿದರು. ಅದರ ಚಾಲಕ ಹಾರಿ ಬದುಕಿದ; ದೇವಯ್ಯನವರು ಮರಳಲಿಲ್ಲ. ಜೊತೆಯವರಾರೂ ಕಣ್ಣಾರೆ ಕಾಣದ ಕಾರಣ ನಮ್ಮ ದಾಖಲೆಯಲ್ಲಿ ಅವರು ಕೇವಲ ‘ಕಾಣೆಯಾದವರು’. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕ ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬರೆದ ಗ್ರಂಥದಿಂದ ನಿಜಾಂಶ ಹೊರಬಂತು. 1988ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ, ಅವರಿಗೆ ಮಹಾವೀರಚಕ್ರ ಸಂದಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು.

ದೇವಯ್ಯನವರು ಐದು ಜಯಗಳ ಏಸ್ ಅಲ್ಲ, ಜಯ ಒಂದೇ. ಆದರೆ ಆ ಒಂದನ್ನು ಅವರ ಹೆಸರಿಗೆ ಬರೆಯಲು ಶತ್ರುಪಕ್ಷದ ದಾಖಲೆಯೇ ಬೇಕಾಯಿತು. ಗುರುತು, ಸಂಖ್ಯೆ, ದಿನಾಂಕಗಳನ್ನು ಹಟ ಹಿಡಿದು ಹುಡುಕುವವರಿಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಮನೆಯಲ್ಲಿ ಮಾದರಿ ಮಾಡುವವರಿಗೆ

ಕೀಲ್ಪಾಕಿನ ಮನೆಯೊಂದರ ಊಟದ ಮೇಜಿನ ಮೇಲೂ ಈ ವಿದ್ಯೆಯನ್ನು ಅಭ್ಯಾಸ ಮಾಡಬಹುದು. ಎಪ್ಪತ್ತೆರಡರಲ್ಲಿ ಒಂದಂಶದ ಪ್ಲಾಸ್ಟಿಕ್ ಮಾದರಿಗಳಲ್ಲಿ ಡಿಫಯೆಂಟಿನ ರೆಕ್ಕೆಯ ಉದ್ದ ಹದಿನಾರೂವರೆ ಸೆಂಟಿಮೀಟರಿನಷ್ಟು. 24 ಅಂಗುಲದ ಅಕ್ಷರ ಎಂಟೂವರೆ ಮಿಲಿಮೀಟರಿಗೆ ಇಳಿಯುತ್ತದೆ. 18 ಅಂಗುಲದ ಪಟ್ಟಿ ಆರು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಕ್ರಮ ಹೀಗಿರಲಿ: ಮೊದಲು ಯಾರ ವಿಮಾನ, ಯಾವ ದಿನ ಎಂದು ಕಾಗದದ ಮೇಲೆ ಬರೆಯುವುದು. ಅನಂತರ ಕ್ರಮಸಂಖ್ಯೆಯನ್ನು ನಿರ್ಧರಿಸುವುದು. ಆಮೇಲೆ ಆ ದಿನ ಜಾರಿಯಲ್ಲಿದ್ದ ಬಣ್ಣದ ಆಜ್ಞೆಯನ್ನು ನೋಡುವುದು. ಕುಂಚ ಹಿಡಿಯುವುದು ಕಟ್ಟಕಡೆಗೆ.

ಆರೋಗ್ಯದ ಬಗ್ಗೆಯೂ ಒಂದು ಮಾತು ಅವಶ್ಯ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಬಟ್ಟೆಯನ್ನು ಬಿಗಿಗೊಳಿಸಲು ಬಳಿಯುತ್ತಿದ್ದ ‘ಡೋಪ್’ ಎಂಬ ಲೇಪದಲ್ಲಿ ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕವಿತ್ತು. ಅದರ ಹಬೆಯನ್ನು ಉಸಿರಾಡಿದ ಕಾರ್ಮಿಕರು, ಅವರಲ್ಲಿ ಅನೇಕ ಹೆಂಗಸರು, ಯಕೃತ್ತು ಕೆಟ್ಟು ಕಾಮಾಲೆಯಿಂದ ನರಳಿದರು, ಕೆಲವರು ಸತ್ತರು. ರಣರಂಗವನ್ನೇ ಕಾಣದೆ ವಿಮಾನಕ್ಕಾಗಿ ಪ್ರಾಣ ತೆತ್ತವರಿವರು. ಇಂದಿನ ಬಣ್ಣಗಳು ಅಷ್ಟು ಘಾತಕವಲ್ಲದಿದ್ದರೂ ಎನಾಮೆಲ್ ಮತ್ತು ತಿನ್ನರಿನ ಹಬೆ ಒಳ್ಳೆಯದಲ್ಲ. ಕಿಟಕಿ ತೆರೆದಿಟ್ಟು ಕೆಲಸ ಮಾಡುವುದು, ಮಕ್ಕಳಾದರೆ ನೀರಿನಲ್ಲಿ ಕರಗುವ ಬಣ್ಣ ಬಳಸುವುದು, ಕುಂಚವನ್ನು ಬಾಯಲ್ಲಿ ಚೀಪಿ ಮೊನೆ ಮಾಡದಿರುವುದು, ಕಣ್ಣಿಗೆ ಆಯಾಸವಾಗದಂತೆ ಒಳ್ಳೆಯ ಬೆಳಕು ಇಟ್ಟುಕೊಳ್ಳುವುದು ಕ್ಷೇಮ.

ಯುದ್ಧವನ್ನು ಕೊಂಡಾಡುವುದು ಈ ವಿದ್ಯೆಯ ಗುರಿಯಲ್ಲ. ಯಾರು ಕೊಟ್ಟರು, ಯಾರು ಹಾರಿದರು, ಯಾರು ಹಿಂದೆ ಕುಳಿತು ಕಾದಿದರು, ಯಾರು ಮರಳಿ ಬರಲಿಲ್ಲ ಎಂಬುದನ್ನು ಅವರವರ ಹೆಸರಿಗೇ ಬರೆಯುವುದು ಅದರ ಗುರಿ. ಮುಂದೆಂದಾದರೂ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಡಿಫಯೆಂಟಿನ ಚಿಕ್ಕ ಮಾದರಿಯೊಂದನ್ನು ತಂದು ಕುಳಿತರೆ, ಚಾಲಕನ ಗೊಂಬೆಯನ್ನು ಅಂಟಿಸಿದ ಮೇಲೆ ಹಿಂದಿನ ಗಾಜಿನ ಗೂಡಿನೊಳಗೆ ಇನ್ನೊಂದು ಗೊಂಬೆಯನ್ನು ಕೂರಿಸಲು ಮರೆಯಬಾರದೆಂದು ನೆನಪಿಸಿರಿ. ಅವನ ಹೆಸರು ಬಾರ್ಕರ್.